ವಾಲ್ವ್ ಆಂಪ್ಲಿಫೈಯರಿನ ಎಫೆಕ್ಟ್ಸ್ ಲೂಪಿಗೆ ಕರೆಂಟು ಒದಗಿಸಿದ ಬಗೆ

ಉಳ್ಳಾಲದ ನಮ್ಮ ಮನೆಯಲ್ಲಿ ನಾನು ಕೈಯಾರೆ ಜೋಡಿಸಿದ ಗಿಟಾರ್ ಆಂಪ್ಲಿಫೈಯರಿನಲ್ಲಿ ಮೂರು 12ಎಎಕ್ಸ್7 ಹಾಗೂ ಎರಡು 6ವಿ6 ವಾಲ್ವ್‌ಗಳಿವೆ (ಟ್ರಾನ್ಸಿಸ್ಟರಿಗೂ ಹಿಂದಿನ ಕಾಲದ ಗಾಜಿನ ಕೊಳವೆಗಳು). ಅದನ್ನು ನುಡಿಸುವವನು ನನ್ನ ತಮ್ಮ. ಅವನ ತಂಡ ಮದುವೆಯ ಮುನ್ನಾದಿನದ ರೋಸ್ ಕಾರ್ಯಕ್ರಮಗಳಿಗೂ ಹೋಗುವುದರಿಂದ ಅವನಿಗೆ ಪ್ರತಿಧ್ವನಿ ಕೊಡುವ ಡಿಲೇ ಪೆಡಲ್ ಬೇಕೇ ಬೇಕು. ಪೆಡಲನ್ನು ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಇಟ್ಟರೆ ಪ್ರತಿಧ್ವನಿಯೂ ಸಿಗ್ನಲನ್ನು ಮೊದಲು ಹಿಗ್ಗಿಸುವ ಹಂತವಾದ ಪ್ರೀಆಂಪಿನೊಳಗೆ ಹಾದು ಒಡೆದು (ಡಿಸ್ಟಾರ್ಷನ್ ಆಗಿ), ಸ್ವರದ ಜೊತೆ ಕಲಸಿಹೋಗುತ್ತದೆ. ಒಡೆದ ಸ್ವರಕ್ಕೆ ಸ್ವಚ್ಛವಾದ ಪ್ರತಿಧ್ವನಿ ಬೇಕೆಂದರೆ ಪೆಡಲ್ ಪ್ರೀಆಂಪಿನ ನಂತರ, ಔಟ್‌ಪುಟ್ ವಾಲ್ವ್‌ಗಳಿಗೆ ಸಿಗ್ನಲನ್ನು ಎರಡಾಗಿಸಿ ಕೊಡುವ ಫೇಸ್ ಇನ್ವರ್ಟರಿಗೆ ಮೊದಲು ಬರಬೇಕು. ಅದಕ್ಕಾಗಿಯೇ ಎಫೆಕ್ಟ್ಸ್ ಲೂಪ್, ಅಂದರೆ ನಡುವೆ ಸಿಗ್ನಲನ್ನು ಹೊರಗಿನ ಪೆಡಲಿಗೆ ಕಳುಹಿಸಿ ಮರಳಿ ಪಡೆಯುವ ದಾರಿ.

ಲೂಪಿಗೂ ಒಂದು ವಾಲ್ವ್ ಹಾಕುವ ಆಸೆ ನನಗಿತ್ತು. ಆದರೆ ಇರುವ ಐದು ವಾಲ್ವ್‌ಗಳನ್ನು ಕಾಯಿಸುವ ಫಿಲಮೆಂಟ್‌ಗಳೇ 6.3 ವೋಲ್ಟಿನಲ್ಲಿ 1.8 ಆಂಪಿಯರ್ ಎಳೆಯುತ್ತವೆ. ನನ್ನ ಟ್ರಾನ್ಸ್‌ಫಾರ್ಮರಿನ ಆ ಸುತ್ತಿನ (ವೈಂಡಿಂಗಿನ) ಸಾಮರ್ಥ್ಯ 2 ಆಂಪಿಯರ್ ಮಾತ್ರ. ಇನ್ನೊಂದು 12ಎಎಕ್ಸ್7 ಸೇರಿಸಿದರೆ 2.1 ಆಗುತ್ತದೆ. ಆದ್ದರಿಂದ ಟಿಎಲ್072 ಐಸಿಯನ್ನು ಆರಿಸಿಕೊಂಡೆ. ಅದರ ಒಂದು ಅರ್ಧ ಪೆಡಲಿಗೆ ಸಿಗ್ನಲ್ ಕಳುಹಿಸುತ್ತದೆ, ಇನ್ನೊಂದು ಅರ್ಧ ಮರಳಿ ಬಂದುದನ್ನು ಹಿಗ್ಗಿಸುತ್ತದೆ.

ಮೊದಲ ವರ್ಷ ಅದಕ್ಕೆ ವಾಲ್ವ್‌ಗಳ 340 ವೋಲ್ಟಿನ ಡಿಸಿಯಿಂದಲೇ ಕರೆಂಟು ತೆಗೆದಿದ್ದೆ. ಐಸಿಗೆ 3 ಮಿಲಿಆಂಪ್, ವೋಲ್ಟೇಜನ್ನು 24ರಲ್ಲಿ ಹಿಡಿದಿಡುವ ಝೀನರ್ ಡಯೋಡಿಗೆ 5 ಮಿಲಿಆಂಪ್ ಎಂದು ಲೆಕ್ಕ ಹಾಕಿ 39 ಕಿಲೋಓಮ್ ರೆಸಿಸ್ಟರ್ ಇಟ್ಟೆ. ಅದರಲ್ಲಿ ಸುಮಾರು ಎರಡೂವರೆ ವ್ಯಾಟ್ ಶಾಖವಾಗುವುದರಿಂದ 10 ವ್ಯಾಟಿನ ತಂತಿ ಸುತ್ತಿದ ರೆಸಿಸ್ಟರನ್ನೇ ತಂದೆ. ಕೆಲಸವೇನೋ ನಡೆಯಿತು. ಆದರೆ ಆ ಝೀನರ್ ಎಂದಾದರೂ ಒಳಗೆ ಕಡಿದುಹೋದರೆ ಐಸಿಯ ಮೇಲೆ, ಅಲ್ಲಿಂದ ತಮ್ಮನ ಪೆಡಲಿನ ಮೇಲೆ ಎಷ್ಟು ವೋಲ್ಟೇಜ್ ಬಿದ್ದೀತು ಎಂಬ ಆತಂಕ ನನ್ನನ್ನು ಬಿಟ್ಟಿರಲಿಲ್ಲ.

ಆ ವ್ಯವಸ್ಥೆಯನ್ನು ಕೊನೆಗೂ ಕೈಬಿಡುವಂತೆ ಮಾಡಿದ್ದು ನಮ್ಮೂರಿನ ಉಪ್ಪುಗಾಳಿ. ಪೆಡಲ್ ಇಲ್ಲದಾಗ ಸಿಗ್ನಲ್ ನೇರವಾಗಿ ಮುಂದೆ ಹೋಗುವುದು, ಪೆಡಲಿನಿಂದ ಸಿಗ್ನಲ್ ಮರಳಿ ಬರುವ ರಿಟರ್ನ್ ಜ್ಯಾಕಿನೊಳಗಿನ ಒಂದು ಸಣ್ಣ ಸ್ವಿಚ್ ತಗಡಿನ ಮೂಲಕ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ತಗಡಿನ ಮೇಲೆ ಕಿಲುಬು ಕೂತು, ಆಂಪ್ಲಿಫೈಯರಿನ ಸದ್ದು ಇದ್ದಕ್ಕಿದ್ದಂತೆ ಕುಗ್ಗತೊಡಗಿತು. ಸೆಂಡ್ ಮತ್ತು ರಿಟರ್ನ್ ಜ್ಯಾಕುಗಳ ನಡುವೆ ಒಂದು ತಂತಿ ಸಿಕ್ಕಿಸಿದರೆ ಸದ್ದು ಸರಿಯಾಗುತ್ತಿತ್ತು. ದೋಷ ಎಲ್ಲಿದೆಯೆಂದು ತಿಳಿದದ್ದೂ ಹಾಗೆಯೇ. ಉಜ್ಜಿ ಸ್ವಚ್ಛ ಮಾಡಿದರೂ ಅದು ಮರುಕಳಿಸಿತು. ಆ ತಗಡಿನ ಬದಲು, ಗಾಳಿ ತಾಗದಂತೆ ಮುಚ್ಚಿದ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕುವುದೇ ಸರಿಯೆಂದು ನಿರ್ಧರಿಸಿದೆ. ಆದರೆ 12 ವೋಲ್ಟಿನ, 400 ಓಮ್ ಕಾಯಿಲಿನ ರಿಲೇಗೆ 30 ಮಿಲಿಆಂಪ್ ಬೇಕು. ಅದನ್ನು 340 ವೋಲ್ಟಿನಿಂದ ಇಳಿಸಿದರೆ ರಿಲೇಗೆಂದೇ ಹತ್ತು ವ್ಯಾಟಿನಷ್ಟು ಶಾಖ ಡಬ್ಬಿಯೊಳಗೆ ವ್ಯರ್ಥವಾಗಿ ತುಂಬುತ್ತದೆ.

ಫಿಲಮೆಂಟಿನ 6.3 ವೋಲ್ಟನ್ನು ಡಯೋಡುಗಳಿಂದ ದ್ವಿಗುಣಗೊಳಿಸಿ ಬಳಸಬಹುದೇ ಎಂದು ಕಾಗದದ ಮೇಲೆ ಬರೆದು ನೋಡಿದೆ. ನನ್ನ ಸುತ್ತಿನ ನಡುಬಿಂದು ಈಗಾಗಲೇ ಗ್ರೌಂಡಿಗೆ ಸೇರಿದೆ. ದ್ವಿಗುಣಗೊಳಿಸುವ ಸರ್ಕ್ಯೂಟಿನ ಋಣ ತುದಿಯನ್ನೂ ಗ್ರೌಂಡಿಗೆ ಸೇರಿಸಿದರೆ ಕೆಪಾಸಿಟರಿನ ಡಿಸಿ ಆ ಅರ್ಧ ಸುತ್ತಿನ ಮೂಲಕವೇ ಶಾರ್ಟ್ ಆಗುತ್ತದೆ. ನಡುಬಿಂದುವನ್ನು ಬಿಡಿಸಿದರೆ ಪ್ರೀಆಂಪಿಗೆ ಗುಂಯ್ ಸದ್ದು ಬರುತ್ತದೆ. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಕೊನೆಗೆ ಮಂಗಳೂರಿನ ಹಂಪನಕಟ್ಟೆಗೆ ಹೋಗಿ 15 ವೋಲ್ಟ್, 500 ಮಿಲಿಆಂಪಿನ ಚಿಕ್ಕ ಟ್ರಾನ್ಸ್‌ಫಾರ್ಮರ್ ತಂದೆ. ಅದರ ಪ್ರೈಮರಿಯನ್ನು ಮುಖ್ಯ ಸ್ವಿಚ್ಚಿನ ನಂತರ, 100 ಮಿಲಿಆಂಪಿನ ಪ್ರತ್ಯೇಕ ಫ್ಯೂಸಿನ ಮೂಲಕ ಜೋಡಿಸಿ, ಬ್ರಿಜ್ ರೆಕ್ಟಿಫೈಯರ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು ವೋಲ್ಟೇಜನ್ನು 15ರಲ್ಲಿ ಸ್ಥಿರವಾಗಿಡುವ 7815 ರೆಗ್ಯುಲೇಟರ್ ಇಟ್ಟೆ. ಬೇಸಗೆಯಲ್ಲಿ ಎಲ್ಲವೂ ಸೊಗಸಾಗಿ ನಡೆಯಿತು. ಮಳೆಗಾಲದ ಆಟಿ ತಿಂಗಳ ಒಂದು ಸಂಜೆ, ಲೈನ್ ವೋಲ್ಟೇಜ್ 230ರಿಂದ 185ಕ್ಕೆ ಇಳಿದಿದ್ದಾಗ, ಲೂಪ್ ಹಾಕಿದ ಕ್ಷಣವೇ 100 ಹರ್ಟ್ಸ್‌ನ ಗುಂಯ್ ಸದ್ದು ಸ್ಪೀಕರಿನಲ್ಲಿ ತುಂಬಿತು. ಕೂತು ಲೆಕ್ಕ ಹಾಕಿದಾಗ ಕಾರಣ ಕಂಡಿತು. 185ರಲ್ಲಿ 15 ವೋಲ್ಟ್ 12ಕ್ಕೆ ಇಳಿಯುತ್ತದೆ. ಅದರ ಶಿಖರ 17, ಎರಡು ಡಯೋಡುಗಳು ತಿಂದ ಮೇಲೆ ಉಳಿಯುವುದು 15.7. ರೆಗ್ಯುಲೇಟರಿಗೆ ತನ್ನ ಔಟ್‌ಪುಟ್ಟಿಗಿಂತ ಸುಮಾರು 2 ವೋಲ್ಟ್ ಹೆಚ್ಚು ಬೇಕು, ಅಂದರೆ 17. ಅದು ಸಿಗದೆ ರಿಪ್ಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ಹಾಗೆಯೇ ಹಾದುಬಂದಿತ್ತು. ಐಸಿಗೆ ಅರ್ಧ ವೋಲ್ಟೇಜ್ ಕೊಡುವ ಎರಡು 10 ಕಿಲೋಓಮ್ ರೆಸಿಸ್ಟರುಗಳ ನಡುಬಿಂದುವಿಗೆ ನಾನು ಕೆಪಾಸಿಟರನ್ನೇ ಹಾಕಿರಲಿಲ್ಲ. ರಿಪ್ಪಲಿನ ಅರ್ಧಪಾಲು ನೇರವಾಗಿ ಸಿಗ್ನಲಿಗೆ ಸೇರುತ್ತಿತ್ತು. ಐಸಿಯನ್ನು ದೂರಲು ಅಲ್ಲಿ ಏನೂ ಇರಲಿಲ್ಲ, ತಪ್ಪು ನನ್ನದೇ.

7815ರ ಜಾಗಕ್ಕೆ 7812 ಬಂತು, ನಡುಬಿಂದುವಿಗೆ 47 ಮೈಕ್ರೋಫ್ಯಾರಡ್ ಬಿತ್ತು. 12 ವೋಲ್ಟಿಗೆ ಇಳಿದುದರಿಂದ ರಿಲೇಯೂ ಅದೇ ತಂತಿಯಿಂದ ನೇರವಾಗಿ ನಡೆಯಿತು. ಐಸಿಗೆ ಇಷ್ಟು ಸಾಕೇ ಎಂಬ ಅನುಮಾನವಿತ್ತು. ಆದರೆ ಪೆಡಲಿಗೆ ಕಳುಹಿಸುವ ಸಿಗ್ನಲ್ ಸುಮಾರು 0.3 ವೋಲ್ಟ್, ನನ್ನ ಫೇಸ್ ಇನ್ವರ್ಟರ್ ಕೇಳುವುದು ಒಂದೂವರೆ ವೋಲ್ಟಿನೊಳಗೆ. 12 ವೋಲ್ಟಿನಲ್ಲಿ ಅದಕ್ಕೆ ಧಾರಾಳ ಜಾಗವಿದೆ. ವಾಲ್ವ್‌ನಿಂದ ಐಸಿಗೆ ಬರುವ ದಾರಿಯಲ್ಲಿ 630 ವೋಲ್ಟಿನ ಕೆಪಾಸಿಟರ್, 100 ಕಿಲೋಓಮ್ ರೆಸಿಸ್ಟರ್, ಐಸಿಯ ಇನ್‌ಪುಟ್ಟಿನಿಂದ 12 ವೋಲ್ಟಿನ ಕಡೆಗೂ ಗ್ರೌಂಡಿನ ಕಡೆಗೂ ಒಂದೊಂದು 1ಎನ್4148 ಡಯೋಡ್ ಇಟ್ಟೆ. ರಿಲೇ ಕಾಯಿಲಿಗೆ ಅಡ್ಡಲಾಗಿ ಒಂದು 1ಎನ್4007 ಬೇಕು. ಇಲ್ಲದಿದ್ದರೆ ರಿಲೇ ಆರುವಾಗಿನ ಏಟು ಸ್ಪೀಕರಿನಲ್ಲಿ ಕೇಳಿಸುತ್ತದೆ.

ಚಿಕ್ಕ ಟ್ರಾನ್ಸ್‌ಫಾರ್ಮರನ್ನು ಎಲ್ಲಿ ಕೂರಿಸಬೇಕೆಂಬುದಕ್ಕೆ ಒಂದಿಡೀ ಭಾನುವಾರ ಹಿಡಿಯಿತು. ರಂಧ್ರ ಕೊರೆಯುವ ಮೊದಲು ಅದನ್ನು ಉದ್ದ ತಂತಿಯಲ್ಲಿ ಜೋಡಿಸಿ, ಟರ್ಮಿನಲ್ಲುಗಳಿಗೆ ಇನ್ಸುಲೇಶನ್ ಹಾಕಿ, ಒಂದು ಕೈಯನ್ನು ಬೆನ್ನ ಹಿಂದೆ ಇರಿಸಿ, ಮರದ ತುಂಡಿನಿಂದ ನಿಧಾನವಾಗಿ ತಿರುಗಿಸುತ್ತ ಸ್ಪೀಕರನ್ನು ಆಲಿಸಿದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಅಡ್ಡವಾಗಿ ಕೂತಾಗ ಗುಂಯ್ ಸದ್ದು ಬಹುತೇಕ ಅಡಗಿತು. ಆಂಪ್ಲಿಫೈಯರ್ ಆರಿಸಿ, 340 ವೋಲ್ಟಿನ ಕೆಪಾಸಿಟರುಗಳು ಪೂರ್ತಿ ಬರಿದಾಗಿವೆಯೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡ ಬಳಿಕವೇ ಅದೇ ಜಾಗದಲ್ಲಿ ಗುರುತು ಹಾಕಿ ಡ್ರಿಲ್ ಹಿಡಿದೆ.