ಮೊಗ್ಗಿ ಒಡಿಯೂ ಹೊತ್ತಿಗೆ ಗುಲಾಬಿ, ಸೇವಂತಿಗಿಗೆ ಕೆಂಪ ನುಸಿ ಬಿದ್ರ ಏನ್ ಮಾಡೂದು

ಮೊದಲ ಒಂದ ಮಾತ ಹೇಳಿಬಿಡ್ತೀನಿ. ಮೊಗ್ಗಿ ಬಣ್ಣ ತೋರಿಸಿದ ಮ್ಯಾಲ ನುಸಿ ಕಂಡ್ರ ಅದನ್ನ ಪೂರಾ ನಾಶ ಮಾಡಾಕ ಹೋಗಬ್ಯಾಡ್ರಿ, ಆಗೂದಿಲ್ಲ. ಹೂ ಮುಗಿಯೂ ತನಕ ಹೆಚ್ಚಾಗದಂಗ ತಡದ ಹಿಡೀರಿ, ಹೂ ಕೊಯ್ದ ಮ್ಯಾಲ ಗಿಡಾ ಕತ್ತರಿಸಿ ಆಮೇಲ ಅದರ ಲೆಕ್ಕ ಚುಕ್ತಾ ಮಾಡ್ರಿ. ಬಾಳ ಮಂದಿ ಇದನ್ನ ಉಲ್ಟಾ ಮಾಡ್ತಾರ, ಹೂ ಇದ್ದಾಗ ಸಿಕ್ಕದ್ದೆಲ್ಲಾ ಹೊಡೀತಾರ, ಹೂ ಮುಗದ ಮ್ಯಾಲ ಗಿಡಾ ಮರತ ಬಿಡ್ತಾರ, ಮುಂದಿನ ಸಲ ಮತ್ತ ಅದ ಗೋಳು.

ಇದು ನುಸಿನೋ ಅಲ್ಲೋ ಅಂತ ಖಾತ್ರಿ ಮಾಡ್ಕೋರಿ ಮೊದಲ. ಎಲಿ ಮ್ಯಾಲ ಸೂಜಿ ಚುಚ್ಚಿದಂಗ ಸಣ್ಣ ಸಣ್ಣ ಬಿಳಿ-ಹಳದಿ ಚುಕ್ಕಿ ಬರತಾವ, ಬರಬರ್ತ ಎಲಿ ಪೂರಾ ಧೂಳ ಹಿಡದಂಗ ಕಂದಗೆಟ್ಟ ಕಾಣತೈತಿ, ಆಮೇಲ ಒಣಗಿ ಉದರತೈತಿ. ಒಂದ ಬಿಳಿ ಹಾಳಿ ತಗೊಂಡ ಎಲಿ ಕೆಳಗ ಹಿಡದ ಎಲಿನ ಎರಡ ಸಲ ಬಡೀರಿ, ಹಾಳಿ ಮ್ಯಾಲ ಬಿದ್ದ ಚುಕ್ಕಿ ಒಂದ ಕ್ಷಣ ಸುಮ್ನಿದ್ದು ಆಮೇಲ ಹರದಾಡಾಕ ಹತ್ತಿದ್ರ ಅದು ನುಸಿ, ಹರದಾಡಲಿಲ್ಲಂದ್ರ ಬರೇ ಧೂಳು. ಹತ್ತಪಟ್ಟು ದೊಡ್ಡದ ಮಾಡಿ ತೋರಿಸೋ ಸಣ್ಣ ಲೆನ್ಸ್ ಇದ್ರ ಇನ್ನೂ ಚಲೋ, ತಿಳಿ ಹಸರ ಇಲ್ಲಾ ಹಳದಿ ಮೈ, ಎರಡೂ ಬಾಜೂಕ ಒಂದೊಂದ ಕರೀ ಕಲಿ, ಎಂಟ ಕಾಲು, ಬಾಜೂಕ ಗಾಜಿನ ಮಣಿ ಥರಾ ದುಂಡಗಿನ ತತ್ತಿ ಕಾಣತಾವ. ಹೆಸರು ಕೆಂಪ ನುಸಿ ಅಂತಿದ್ರೂ ಎಲ್ಲಾ ಟೈಮಿಗೆ ಕೆಂಪಗ ಇರೂದಿಲ್ಲ, ಅದಕ್ಕ ಕೆಂಪ ಕಾಣಲಿಲ್ಲ ಅಂತ ಬಿಟ್ಟಬಿಡಬ್ಯಾಡ್ರಿ. ಎಲಿ ಮತ್ತ ದಂಟಿನ ಸಂದಿಯೊಳಗ ಬಲಿ ಕಂಡ್ರ ನೀವ ಲೇಟ್ ಆಗೀರಿ ಅಂತ ತಿಳ್ಕೋರಿ. ಇನ್ನೊಂದ, ಮೆಣಸಿನಗಿಡದಾಗ ಎಲಿ ಕೆಳಗ ಮುದುಡಿಸೋ ನುಸಿ ಐತೆಲ್ಲಾ, ಬ್ಯಾಡಗಿ ಕಡೆ ರೈತರು ಬೈಯೋ ನುಸಿ, ಅದು ಬ್ಯಾರೆ ಜಾತಿ, ಅದು ಬಲಿ ಕಟ್ಟೂದಿಲ್ಲ, ಅದನ್ನೂ ಇದನ್ನೂ ಒಂದ ಮಾಡಬ್ಯಾಡ್ರಿ.

ಬರಾಕ ಕಾರಣ ಏನಂದ್ರ ಬಿಸಿಲು, ಒಣ ಹವಾ ಮತ್ತ ಧೂಳು. ಧೂಳಿನ ವಿಷಯದಾಗ ಹುಬ್ಬಳ್ಳಿ-ಧಾರವಾಡದಾಗ ಇರೋರಿಗೆ ನಾ ಏನ್ ಹೇಳೂದು, ಒಂದ ರೋಡ್ ಮುಗೀತಂದ್ರ ಇನ್ನೊಂದ ಅಗದಿರತಾರ. ಮಳಿಗಾಲದಾಗ ಹೊರಗ ಇದ್ದ ಗಿಡಕ್ಕ ಮಳಿನ ತೊಳಕೊಂತ ಇರತೈತಿ, ಅದಕ್ಕ ನುಸಿ ಕಡಿಮಿ. ಆದ್ರ ಗ್ರಿಲ್ ಹಾಕಿದ ಬಾಲ್ಕನಿ, ಶೀಟಿನ ಕೆಳಗ, ಕಿಟಕಿ ಒಳಗ ಇಟ್ಟ ಗಿಡಕ್ಕ ಒಂದ ಹನಿನೂ ಬೀಳೂದಿಲ್ಲ, ಮ್ಯಾಲಿಂದ ಆರ್‌ಸಿಸಿ ಕಾವು ಬ್ಯಾರೆ. ಮಳಿ ನಿಂತು ಅಕ್ಟೋಬರ್ ಬಿಸಿಲ ಶುರು ಆತಂದ್ರ ಸೇವಂತಿಗಿಗೆ ಮೊಗ್ಗಿ ಬರೂದೂ ನುಸಿ ಏರೂದೂ ಒಟ್ಟಿಗೆ ಆಗತೈತಿ. 30 ಡಿಗ್ರಿ ಹತ್ರ ತತ್ತಿಯಿಂದ ದೊಡ್ಡದಾಗಾಕ ಒಂದ ವಾರ ಸಾಕು, 20 ಡಿಗ್ರಿ ಹತ್ರ ಎರಡ ವಾರದ ಮ್ಯಾಲ ಹಿಡೀತೈತಿ. ಒಂದ ಹೆಣ್ಣ ತನ್ನ ಜೀವನದಾಗ ನೂರರ ಸುತ್ತ ತತ್ತಿ ಇಡತೈತಿ. ಧಾರವಾಡದ ಡಿಸೆಂಬರ್ ಚಳಿ ಅದನ್ನ ನಿಧಾನ ಮಾಡತೈತಿ ಅಷ್ಟ, ನಿಲ್ಲಿಸೂದಿಲ್ಲ.

ಈಗ ದೊಡ್ಡ ತಪ್ಪಿನ ವಿಷಯ. ಅಂಗಡಿಗೆ ಹೋಗಿ ಹುಳ ಬಿದ್ದೈತಿ ಅಂದ್ರ ಅವರು ಇಮಿಡಾಕ್ಲೋಪ್ರಿಡ್ ಇಲ್ಲಾ ಸೈಪರ್‌ಮೆಥ್ರಿನ್ ಬಾಟ್ಲಿ ಕೈಗೆ ಕೊಟ್ಟ ಕಳಸ್ತಾರ. ನುಸಿ ಕೀಟ ಅಲ್ಲ, ಜೇಡನ ಬಳಗ, ಈ ಎಣ್ಣಿ, ಅಂದ್ರ ಕೀಟನಾಶಕ, ಹೊಡದ್ರ ಅದಕ್ಕ ಏನೂ ಆಗೂದಿಲ್ಲ. ಆಗೂದಿಲ್ಲ ಅಷ್ಟ ಅಲ್ಲ, ನುಸಿ ತಿನ್ನೋ ಒಳ್ಳೆ ಹುಳ ಸತ್ತ ಹೋಗಿ ನುಸಿ ಇನ್ನೂ ಜೋರ ಆಗತೈತಿ, ಇಮಿಡಾಕ್ಲೋಪ್ರಿಡ್ ಹೊಡದ ಗಿಡದಾಗ ನುಸಿ ಹೆಚ್ಚಾಗೂದು ಸಂಶೋಧನೆಯೊಳಗೂ ಕಂಡೈತಿ. ‘ಎಣ್ಣಿ ಹೊಡದೆ, ಆದ್ರೂ ನುಸಿ ಹೆಚ್ಚಾತು’ ಅಂತ ಹೇಳೋರು ಆ ‘ಆದ್ರೂ’ ತಗದ ‘ಅದಕ್ಕ’ ಅಂತ ಹಾಕ್ಬೇಕು, ಅಷ್ಟ. ಮ್ಯಾಲಾಗಿ ಈ ಹೂ ಎಲ್ಲಿ ಹೋಗತೈತಿ? ದೇವರ ಮುಂದ, ತಲಿಯೊಳಗ, ಹುಡುಗರ ಕೈಯಾಗ, ಕೆಲವರ ಮನಿಯಾಗ ಗುಲಾಬಿ ಎಸಳು ಗುಲ್ಕಂದಕ್ಕ. ಹೂ ಮ್ಯಾಲ ಏನ್ ಬಿತ್ತೋ ಅದು ಅಲ್ಲೇ ಇರತೈತಿ, ಜೇನ ಹುಳಕ್ಕೂ ಕೆಟ್ಟದ್ದು.

ಹಂಗಾರ ಏನ್ ಮಾಡೂದು? ನೀರು. ಬರೇ ನೀರು, ಆದ್ರ ಸರಿಯಾಗಿ ಹೊಡೀಬೇಕು. ನುಸಿ ಇರೂದು ಎಲಿ ಕೆಳಗ, ಮ್ಯಾಲಿಂದ ಪೈಪ್ ಹಿಡದ್ರ ಗಿಡಕ್ಕ ಜಳಕ ಆಗತೈತಿ ಹೊರತು ನುಸಿ ಆರಾಮ ಕುಂತಿರತೈತಿ. ಪೈಪಿಗೆ ಸ್ಪ್ರೇ ಗನ್ ಹಾಕ್ರಿ, ಇಲ್ಲಾ ಪಂಪ್ ಮಾಡೋ ಒಂದ-ಎರಡ ಲೀಟರಿನ ಸ್ಪ್ರೇಯರ್ ಆದ್ರೂ ನಡೀತೈತಿ. ಕುಂಡ ಸಣ್ಣದಿದ್ರ ಮಣ್ಣಿನ ಮ್ಯಾಲ ಒಂದ ಪ್ಲಾಸ್ಟಿಕ್ ಚೀಲ ಮುಚ್ಚಿ ಸುತ್ತ ಕಟ್ಟಿ ಕುಂಡನ ಅಡ್ಡ ಮಲಗಿಸ್ರಿ, ಮಣ್ಣ ಚೆಲ್ಲೂದಿಲ್ಲ. ಎಡಗೈ ಅಂಗೈ ಎಲಿ ಮ್ಯಾಲಿನ ಬಾಜೂಕ ಆಸರ ಇಟ್ಟ, ಬಲಗೈಲಿ ಕೆಳಗಿಂದ ನೀರ ಬಿಡ್ರಿ, ನಡುವಿನ ನರದ ಉದ್ದಕ್ಕ ದಂಟಿನ ಕಡೆಯಿಂದ ತುದಿಗೆ, ನುಸಿ ಬಾಳ ಇರೂದು ಆ ನರದ ಎರಡೂ ಬಾಜೂನ. ಕೈಗೆ ನೀರಿನ ಚುರುಕು ಹತ್ತಬೇಕು, ಎಲಿ ಹರಿಯಬಾರದು. ಕೆಳಗಿನ ಎಲಿಯಿಂದ ಶುರು ಮಾಡಿ ಮ್ಯಾಲ ಹೋಗ್ರಿ, ಕೊನೀಕ ಇನ್ನೊಮ್ಮೆ ಎಲ್ಲಾ ಕಡೆ. ಮುಂಜಾನೆ ಮಾಡ್ರಿ, ಸಂಜಿ ಆಗೂದರೊಳಗ ಎಲಿ ಒಣಗಬೇಕು, ರಾತ್ರಿ ಹಸಿ ಇದ್ರ ಗುಲಾಬಿಗೆ ಕರೀ ಚುಕ್ಕಿ ರೋಗ ಬರತೈತಿ. ನೀರಿಗೆ ತತ್ತಿ ಎಲ್ಲಾ ಹೋಗೂದಿಲ್ಲ, ಅಂಟಕೊಂಡ ಇರತಾವ, ಅದಕ್ಕ ಒಂದ ಸಲ ತೊಳದು ಕೈ ತೊಳಕೊಂಡ್ರ ಪ್ರಯೋಜನ ಇಲ್ಲ. ಎರಡ-ಮೂರ ದಿನಕ್ಕೊಮ್ಮೆ, ಎರಡ ವಾರ ಬಿಡದ ಮಾಡ್ಬೇಕು. ಬ್ಯಾಸರ ಬರತೈತಿ, ಖರೇ.

ಹೂ ಅರಳಿದ್ದಕ್ಕ ಮಾತ್ರ ನೀರ ಹೊಡೀಬ್ಯಾಡ್ರಿ. ಸೇವಂತಿಗಿ ಎಸಳ ನಡುವ ನೀರ ನಿಂತ್ರ ಒಳಗಿಂದ ಕಂದ ಬಣ್ಣ ಆಗಿ ಕೊಳೀತೈತಿ. ತೊಳಿಯೂ ಹೊತ್ತಿಗೆ ಅರಳಿದ ಹೂವಿನ ಮ್ಯಾಲ ಪಾಲಿಥಿನ್ ಚೀಲ ಸಡಲಾಗಿ ಹಾಕಿ ಒಂದ ದಾರ ಸುತ್ತರಿ, ತೊಳದ ಕೂಡ್ಲೆ ತಗೀರಿ, ಮರತ್ರ ಬಿಸಲಾಗ ಹೂ ಬೇಯತೈತಿ. ಆಮೇಲ ಗಿಡಾ ಹಗೂರಕ ಅಲಗಾಡಿಸಿ ಗಾಳಿ ಆಡೋ ಕಡೆ ಇಡ್ರಿ. ಹವಾದಾಗ ತೇವ ಹೆಚ್ಚು ಮಾಡ್ರಿ, ನುಸಿಗೆ ಆಗೂದಿಲ್ಲ ಅಂತ ಹೇಳ್ತಾರ, ಮಾತ ಸುಳ್ಳಲ್ಲ, ಆದ್ರ ಅದು ಹೂ ಬರೂಕ್ಕಿಂತ ಮೊದಲಿನ ಮಾತು. ಹೂ ಇದ್ದಾಗ ಮುಚ್ಚಿದ ಬಾಲ್ಕನಿಯಾಗ ತೇವ ಹೆಚ್ಚು ಮಾಡಿದ್ರ ನುಸಿ ಬಿಟ್ಟ ಬೂಸ್ಟ ಬರತೈತಿ.

ತೊಳಿಯೂಕ್ಕಿಂತ ಮೊದಲ ಬಾಳ ಕೆಟ್ಟ ಎಲಿ ಕಿತ್ತ ಬಿಡ್ರಿ, ಕೆಳಗಿನವು, ಅರ್ಧಕ್ಕಿಂತ ಹೆಚ್ಚ ಹಳದಿ ಆದವು. ಆದ್ರ ಹೂವಿನ ಹತ್ರದ ಹಸರ ಎಲಿ ಬಿಡ್ರಿ, ಅವು ಇಲ್ಲಂದ್ರ ಮೊಗ್ಗಿ ದಪ್ಪ ಆಗೂದಿಲ್ಲ. ಕಿತ್ತಿದ್ದನ್ನ ಚೀಲದಾಗ ಹಾಕಿ ಬಾಯಿ ಕಟ್ಟಿ ಬಿಸಲಿಗೆ ಇಡ್ರಿ, ಬಾಜೂಕಿನ ಗೊಬ್ಬರದ ಡಬ್ಬಿಗೆ ಹಾಕಬ್ಯಾಡ್ರಿ. ನುಸಿ ಬಿದ್ದ ಗಿಡಾ ಬ್ಯಾರೆ ಇಡ್ರಿ, ಅದನ್ನ ಕೊನೀಕ ಮುಟ್ರಿ, ಮುಟ್ಟಿ ಕೈ ತೊಳೀರಿ, ಯಾಕಂದ್ರ ಅದು ಕೈಯಿಂದ, ಅರಬಿಯಿಂದ, ಕತ್ತರಿಯಿಂದ ದಾಟತೈತಿ, ಗಾಳಿಯಾಗ ಎಳಿ ಹಿಡಕೊಂಡೂ ಹಾರತೈತಿ. ಟೆರೇಸ್ ಮ್ಯಾಲ ಬದನಿ, ಬೆಂಡಿ, ಪಪಾಯಿ, ಚೆಂಡ ಹೂ ಇದ್ರ ಅವನ್ನೂ ತಿರುವಿ ನೋಡ್ರಿ, ಬಾಳ ಸಲ ಅಲ್ಲಿಂದ ಬಂದಿರತೈತಿ.

ಸೋಪಿನ ನೀರ ಕೇಳ್ತೀರಿ ಅಂತ ಗೊತ್ತೈತಿ. ಮೊಗ್ಗಿ ಇನ್ನೂ ಬಿಗಿ ಹಸರ ಇದ್ರ ಮಾಡಬಹುದು, ಬಣ್ಣ ಒಡದ್ರ ಎಸಳಿಗೆ ಕಲಿ ಬೀಳತೈತಿ, ಎಲಿಗೆ ಮಾತ್ರ ಹತ್ತೂವಂಗ ಕೈಯಿಂದ ಮಾಡ್ಬೇಕು. ಗಿಡಕ್ಕಂತ ಸಿಗೋ ಪೊಟ್ಯಾಷಿಯಂ ಸೋಪ್ ತಂದ್ರ ಪ್ಯಾಕೆಟ್ ಮ್ಯಾಲ ಬರದಷ್ಟ ಹಾಕ್ರಿ, ಬಟ್ಟಿ ಒಗಿಯೂ ಪೌಡರ್ ಬ್ಯಾಡವ ಬ್ಯಾಡ. ಬೋರ್ ನೀರು ಗಡಸು, ಅದರಾಗ ಸೋಪ್ ಒಡದ ಕೆನಿ ಥರಾ ಆಗಿ ಕೆಲಸಾನ ಮಾಡೂದಿಲ್ಲ, ನಳದಾಗ ಬರೋ ಮಲಪ್ರಭಾ ನೀರ ಇಲ್ಲಾ ಹಿಡದಿಟ್ಟ ಮಳಿ ನೀರ ತಗೋರಿ. ಮೊದಲ ಎರಡ ಎಲಿಗೆ ಹಚ್ಚಿ ಒಂದ ದಿನ ನೋಡಿ ಆಮೇಲ ಪೂರಾ ಗಿಡಕ್ಕ. ಸೋಪ್ ತಾಗಿದ ನುಸಿ ಮಾತ್ರ ಸಾಯತೈತಿ, ಒಣಗಿದ ಮ್ಯಾಲ ಅದಕ್ಕ ಶಕ್ತಿ ಇಲ್ಲ. ಬೇವಿನ ಎಣ್ಣಿ ಹೂ ಇದ್ದಾಗ ಹೊಡೀಬ್ಯಾಡ್ರಿ, ವಾಸನಿ ಹೂವಿಗೆ ಹಿಡೀತೈತಿ, ಆ ಹೂ ಯಾರೂ ತಲಿಗೆ ಇಟ್ಕೊಳೂದಿಲ್ಲ. ಗಂಧಕದ ಪುಡಿನೂ ಈಗ ಬ್ಯಾಡ, 32 ಡಿಗ್ರಿ ದಾಟಿದ್ರ ಎಲಿ ಸುಡತೈತಿ, ಬೇವಿನ ಎಣ್ಣಿ ಹೊಡದ ಎರಡ-ಮೂರ ವಾರದೊಳಗ ಗಂಧಕ ಹೊಡದ್ರಂತೂ ಇನ್ನೂ ಕೆಟ್ಟದ್ದು.

ಯೂರಿಯಾ, ಡಿಎಪಿ ನಿಲ್ಲಸ್ರಿ. ಗಿಡಾ ಸೊರಗೈತಿ ಅಂತ ಗೊಬ್ಬರ ಹಾಕೂದು ನುಸಿಗೆ ಊಟ ಹಾಕಿದಂಗ, ನೈಟ್ರೋಜನ್ ಹೆಚ್ಚಾದ ಎಲಿ ಮ್ಯಾಲ ಅದು ಬಾಳ ತತ್ತಿ ಇಡತೈತಿ. ಬುಡಕ್ಕ ನೀರ ಮಾತ್ರ ತಪ್ಪಿಸಬ್ಯಾಡ್ರಿ, ಬಾಯಾರಿದ ಗಿಡಕ್ಕ ನುಸಿ ಲಗೂ ಹತ್ತತೈತಿ.

ಲೆನ್ಸ್ ಹಿಡದ ನೋಡುವಾಗ ಗಸಗಸಿ ಕಾಳಿನಷ್ಟ ಕರೀ ಮಿಂಚೋ ದುಂಡ ಹುಳ ಕಂಡ್ರ ಅದನ್ನ ಕೊಲ್ಲಬ್ಯಾಡ್ರಿ, ಅದು ಸ್ಟೆಥೋರಸ್, ನುಸಿ ತಿನ್ನೂದ ಅದರ ಕಸಬು. ಹಂಗ ಕಿತ್ತಳಿ ಬಣ್ಣದ್ದು, ಬಾಕಿ ನುಸಿಗಿಂತ ಬಾಳ ಜೋರ ಓಡಾಡೋ ನುಸಿ ಕಂಡ್ರ ಅದೂ ಕೆಂಪ ನುಸಿ ತಿನ್ನೋ ನಮ್ಮ ಪಕ್ಷದ್ದ ಇರಬಹುದು. ಇವು ಇದ್ದ ಗಿಡಕ್ಕ ಸೋಪೂ ಬ್ಯಾಡ, ನೀರಷ್ಟ ಸಾಕು.

ಮೊಗ್ಗಿ ತುದಿಗೆ ಬಲಿ ಕಟ್ಟಿ ನುಸಿ ಗುಂಪಗೂಡಿ ನಿಂತಿದ್ರ ಆ ಹೂ ಕಾಯೂದ ಬಿಡ್ರಿ. ಅರ್ಧ ಅರಳಿದ್ದನ್ನ ಕೊಯ್ದ ಬಿಡ್ರಿ, ಒಂದ ಬಕೆಟ್ ನೀರಾಗ ತಲಿಕೆಳಗ ಮಾಡಿ ಎರಡ-ಮೂರ ಸಲ ಅದ್ದಿ, ಝಾಡಿಸಿ, ಬಟ್ಟಿ ಮ್ಯಾಲ ಆರಸ್ರಿ, ಪೂಜಿಗೆ ನಡೀತೈತಿ. ಏನಾರ ಎಣ್ಣಿ ಹೊಡದ ಗಿಡದ ಎಸಳು ಗುಲ್ಕಂದಕ್ಕ ಹಾಕಲೇಬ್ಯಾಡ್ರಿ, ತೊಳದೀನಿ ಅನ್ನೂದು ಸಾಲೂದಿಲ್ಲ.

ಖರೇ ಕೆಲಸ ಹೂ ಮುಗದ ಮ್ಯಾಲ. ಸೇವಂತಿಗಿ ಹೂ ಆದ ಮ್ಯಾಲ ಮಣ್ಣಿಂದ ನಾಕ ಬೆರಳ ಬಿಟ್ಟ ಕತ್ತರಿಸಿಬಿಡ್ರಿ, ಬುಡದಿಂದ ಮರಿ ಬರತಾವ, ಮುಂದಿನ ವರ್ಷದ ಗಿಡಾ ಅವ. ನುಸಿನೂ ಆ ಮರಿ ಮ್ಯಾಲ ಬ್ಯಾಸಗಿ ಕಳದ ಬರತೈತಿ, ಅದಕ್ಕ ಮರಿ ಬೇರು ಬಿಡಿಸಿ ಬ್ಯಾರೆ ಕುಂಡಕ್ಕ ಹಚ್ಚೂ ಮೊದಲ ಸೋಪಿನ ನೀರಾಗ ತೊಳೀರಿ, ಇದೊಂದ ಮಾಡಿದ್ರ ಅರ್ಧ ಕೆಲಸ ಆದಂಗ. ಗುಲಾಬಿನೂ ಕತ್ತರಿಸಿ, ಉದರಿದ ಎಲಿ ಎಲ್ಲಾ ಆರಸಿ ತಗೀರಿ. ಎಲಿ ಇಲ್ಲದ ಆ ಹೊತ್ತಿನಾಗ ಬೇವಿನ ಎಣ್ಣಿ ಹೊಡದ್ರ ಎಲ್ಲಾ ಸಂದಿಗೂ ತಾಗತೈತಿ, ಹೂ ಇಲ್ಲ, ಜೇನ ಇಲ್ಲ. ಅಷ್ಟಾದ್ರೂ ಚಿಗುರಿಗೆ ಮತ್ತ ಹತ್ತಿತಂದ್ರ ಆವಾಗ ನುಸಿದ ಔಷಧ ಯೋಚನೆ ಮಾಡಬಹುದು, ಅಬಾಮೆಕ್ಟಿನ್ ಅಂಥವು, ಲೇಬಲ್ ಮ್ಯಾಲ ಗುಲಾಬಿ ಅಂತ ಬರದಿದ್ರ ಮಾತ್ರ, ಅದರಾಗ ಹೇಳಿದಷ್ಟ, ಕೈಗೆ ಗ್ಲೌಸ್, ಮುಖಕ್ಕ ಮಾಸ್ಕ್ ಹಾಕ್ಕೊಂಡ, ಹುಡುಗರ ದೂರ ಇಟ್ಟ. ಮುಚ್ಚಿದ ಬಾಲ್ಕನಿಯಾಗ, ಮನಿ ಒಳಗ ಇದನ್ನ ಹೊಡೀಬ್ಯಾಡ್ರಿ, ಗಿಡಾ ಹೊರಗ ಒಯ್ರಿ. ಮೀನಿಗೆ ಬಾಳ ವಿಷ, ಉಳದದ್ದನ್ನ ಗಟಾರಕ್ಕ ಚೆಲ್ಲಬ್ಯಾಡ್ರಿ. ಒಂದ ಔಷಧ ಮತ್ತ ಮತ್ತ ಹೊಡದ್ರ ನುಸಿ ಅದಕ್ಕ ಲಗೂ ಹೊಂದಕೊಂತೈತಿ. ಹಳೇ ಮಂದಿ ಡೈಕೋಫಾಲ್ ಅನ್ನೋ ನುಸಿ ಔಷಧದ ಹೆಸರು ಹೇಳ್ತಾರ, ಅದು 2023ರಾಗ ಬ್ಯಾನ್ ಆಗೈತಿ, ಯಾರ ಹತ್ರಾದ್ರೂ ಹಳೇ ಬಾಟ್ಲಿ ಇದ್ರ ಇಸಗೋಬ್ಯಾಡ್ರಿ.

ಇಷ್ಟ ಮಾಡಿನೂ ತಿಳೀಲಿಲ್ಲಂದ್ರ ಕೆಟ್ಟ ಎಲಿ ನಾಕೈದ ಕಿತ್ತ ಝಿಪ್ ಕವರಿನ್ಯಾಗ ಹಾಕಿ, ಬಾಯಿ ಬಿಗಿ ಮುಚ್ಚಿ, ಕೃಷಿ ವಿಜ್ಞಾನ ಕೇಂದ್ರಕ್ಕ ಒಯ್ದ ತೋರಸ್ರಿ. ಧಾರವಾಡದವರಿಗೆ ಸೈದಾಪುರ, ಗದಗಿನವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿ. ಕಿತ್ತ ದಿನಾನ ಒಯ್ರಿ, ಎಲಿ ಬಾಡಿದ್ರ ನುಸಿ ಗುರತ ಹಿಡಿಯೂದು ಕಷ್ಟ, ಮತ್ತ ಏನೇನ್ ಹೊಡದೀರಿ ಅನ್ನೂದನ್ನ ಮುಚ್ಚಿಡಬ್ಯಾಡ್ರಿ, ಅವರು ಮೊದಲ ಕೇಳೂದ ಅದನ್ನ.