ಮನೆಗಳು ಬಂದವು, ಕೆಲಸಗಳು ಬರಬೇಕು: ಉಪನಗರಕ್ಕೊಂದು ಆರ್ಥಿಕ ಯೋಜನೆ ಮಾಡುವುದು ಹೇಗೆ?

ದೊಡ್ಡ ನಗರದ ಮಗ್ಗುಲಲ್ಲಿ ಬೆಳೆಯುವ ಊರುಗಳ ಆರ್ಥಿಕ ಯೋಜನೆಗಳನ್ನು ಬಹಳ ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಹೆಚ್ಚಿನವು ಕೆಡುವುದು ಒಂದೇ ಜಾಗದಲ್ಲಿ. ಹೊರಗಿನಿಂದ ದೊಡ್ಡ ಕಂಪನಿ ಬರಲಿದೆ ಎಂಬ ಆಸೆ ಮೊದಲ ಪುಟದಲ್ಲೇ ಇರುತ್ತದೆ. ಊರಿನಲ್ಲಿ ಈಗಾಗಲೇ ಹತ್ತು ಜನಕ್ಕೆ ಕೆಲಸ ಕೊಟ್ಟಿರುವವರನ್ನು ಮಾತ್ರ ಯಾರೂ ಮಾತನಾಡಿಸಿರುವುದಿಲ್ಲ. ನಗರಸಭೆ ಸದಸ್ಯರಾಗಲಿ, ಅಧಿಕಾರಿಗಳಾಗಲಿ, ವ್ಯಾಪಾರಿಗಳ ಸಂಘದವರಾಗಲಿ ಈ ಕೆಲಸಕ್ಕೆ ಕೈ ಹಾಕುವ ಮೊದಲು ಇದನ್ನು ಓದಿಕೊಳ್ಳಿ.

ಮೊದಲು ಲೆಕ್ಕ

ಮೂರು ಸಂಖ್ಯೆ ಬೇಕು. ಊರಿನಲ್ಲಿ ವಾಸವಿರುವ ದುಡಿಯುವವರು ಎಷ್ಟು? ಊರೊಳಗೆ ಇರುವ ಕೆಲಸಗಳು ಎಷ್ಟು? ಇಲ್ಲೇ ಇದ್ದು ಇಲ್ಲೇ ದುಡಿಯುವವರು ಎಷ್ಟು?

ಮೂರನೆಯದನ್ನು ಬಿಟ್ಟರೆ ಮೋಸ ಹೋಗುತ್ತೀರಿ. 40,000 ದುಡಿಯುವವರು, 40,000 ಕೆಲಸಗಳು ಇದ್ದರೆ ತಕ್ಕಡಿ ಸರಿಯಾಗಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಬೆಳಿಗ್ಗೆ 30,000 ಜನ ಹೊರಗೆ ಹೋಗಿ, ಬೇರೆ 30,000 ಜನ ಒಳಗೆ ಬರುತ್ತಿರಬಹುದು. ಅಂದರೆ ಇಲ್ಲಿರುವ ಕೆಲಸ ಇಲ್ಲಿಯವರಿಗೆ ಹೊಂದುತ್ತಿಲ್ಲ, ಅಥವಾ ಇಲ್ಲಿ ದುಡಿಯುವವರಿಗೆ ಇಲ್ಲಿಯ ಮನೆ ಬಾಡಿಗೆ ಕೈಗೆಟುಕುತ್ತಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ.

ಆಮೇಲೆ ಊರು ಯಾವುದರಲ್ಲಿ ಗಟ್ಟಿ ಎಂದು ನೋಡಿ. ಇದಕ್ಕೆ ಲೊಕೇಶನ್ ಕೋಶಂಟ್ ಎಂಬ ಸರಳ ಲೆಕ್ಕ ಇದೆ. ಊರಿನ ಒಟ್ಟು ಕೆಲಸಗಳಲ್ಲಿ ಬಿಡಿಭಾಗ ತಯಾರಿಕೆಯ ಪಾಲು ನೂರಕ್ಕೆ 6, ಇಡೀ ರಾಜ್ಯದಲ್ಲಿ ಅದೇ ಪಾಲು ನೂರಕ್ಕೆ 3 ಎಂದುಕೊಳ್ಳಿ. ಆರನ್ನು ಮೂರರಿಂದ ಭಾಗಿಸಿದರೆ 2. ಒಂದಕ್ಕಿಂತ ಜಾಸ್ತಿ ಬಂದರೆ ಆ ಕಸುಬು ಇಲ್ಲಿ ಬೇರು ಬಿಟ್ಟಿದೆ ಎಂದರ್ಥ. ಚಿಕ್ಕ ಊರಿನಲ್ಲಿ ಒಂದೇ ಕಾರ್ಖಾನೆಯಿಂದ ಈ ಸಂಖ್ಯೆ ಉಬ್ಬಬಹುದು. ಹಾಗಾಗಿ ಹತ್ತು ವರ್ಷದ ಹಿಂದಿನ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿ. ದಾಖಲೆಗೆ ಸಿಗದ ಒಬ್ಬಂಟಿ ಕಸುಬುದಾರರು ಇದರಲ್ಲಿ ಬರುವುದಿಲ್ಲ ಎಂಬುದೂ ನೆನಪಿರಲಿ.

ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಎಕ್ಸೆಲ್ ಸಾಕು. ಊರಿನ ಹೆಸರು ಮಾತ್ರ ಬದಲಾಯಿಸಿ ಎಲ್ಲರಿಗೂ ಅದೇ ವರದಿ ಕೊಡುವ ಸಲಹೆಗಾರರಿದ್ದಾರೆ. ಕೆಲಸ ಒಪ್ಪಿಸುವ ಮೊದಲು ಅವರ ಹಿಂದಿನ ಮೂರು ವರದಿಗಳನ್ನು ತರಿಸಿ ಅಕ್ಕಪಕ್ಕ ಇಟ್ಟು ಓದಿ. ಗೊತ್ತಾಗುತ್ತದೆ.

ಈಗ ಕಷ್ಟದ ಹೆಜ್ಜೆ: ಬಾಗಿಲು ತಟ್ಟುವುದು

ಸುಮಾರು 50 ಉದ್ದಿಮೆಗಳ ಪಟ್ಟಿ ಮಾಡಿ. ದೊಡ್ಡವರನ್ನಷ್ಟೇ ಹಿಡಿಯಬೇಡಿ. ಐದರಿಂದ ಐವತ್ತು ಜನ ದುಡಿಯುವ ಜಾಗಗಳೇ ಜಾಸ್ತಿ ಇರಲಿ. ಸಭಾಂಗಣಕ್ಕೆ ಕರೆದು ಸಭೆ ಮಾಡಬೇಡಿ. ಅಲ್ಲಿ ಮಾತು ಬಲ್ಲ ನಾಲ್ಕು ಜನ ಮಾತನಾಡುತ್ತಾರೆ, ಪಾರ್ಕಿಂಗ್ ಜಗಳದಲ್ಲೇ ಮಧ್ಯಾಹ್ನ ಮುಗಿಯುತ್ತದೆ. ಆನ್‌ಲೈನ್ ಫಾರ್ಮ್ ಅಂತೂ ಬೇಡವೇ ಬೇಡ. ಬಿಡುವಿದ್ದವರು ಮಾತ್ರ ತುಂಬುತ್ತಾರೆ. ನಿಮಗೆ ಬೇಕಾದವರಿಗೆ ಬಿಡುವಿರುವುದಿಲ್ಲ.

ಇಬ್ಬರು ಹೋಗಿ. ಒಬ್ಬರು ಕೇಳಲಿ, ಒಬ್ಬರು ಬರೆದುಕೊಳ್ಳಲಿ. ತೆರಿಗೆ ವಸೂಲಿ ಮಾಡುವವರನ್ನಾಗಲಿ, ಲೈಸೆನ್ಸ್ ತಪಾಸಣೆ ಮಾಡುವವರನ್ನಾಗಲಿ ಜೊತೆಗೆ ಕರೆದೊಯ್ಯಬೇಡಿ. ಅವರ ಮುಂದೆ ಯಾವ ಮಾಲೀಕರೂ ಬಾಯಿ ಬಿಡುವುದಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲು ಒಂದು ಸುತ್ತು ಒಳಗೆ ಅಡ್ಡಾಡಿ.

"ನಿಮ್ಮ ಸಮಸ್ಯೆ ಏನು?" ಎಂದು ಕೇಳಬೇಡಿ. ಉತ್ತರ ಬರುವುದಿಲ್ಲ, ಬಂದರೂ ಪೇಪರಿನಲ್ಲಿ ಓದಿದ್ದನ್ನೇ ಹೇಳುತ್ತಾರೆ. ನಡೆದದ್ದನ್ನು ಕೇಳಿ. ಕಳೆದ ಸಲ ಯಾವ ಆರ್ಡರ್ ಬಿಟ್ಟಿರಿ, ಯಾಕೆ? ಕೊನೆಗೆ ಕೆಲಸಕ್ಕೆ ಸೇರಿದವರು ಎಲ್ಲಿಂದ ಬಂದರು? ಕಚ್ಚಾ ಮಾಲು ಎಲ್ಲಿಂದ ತರಿಸುತ್ತೀರಿ? ಬಾಡಿಗೆ ಕರಾರು ಯಾವಾಗ ಮುಗಿಯುತ್ತದೆ?

ಈ ಕೊನೆಯ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ. ಕರಾರು ಮುಂದಿನ ವರ್ಷ ಮುಗಿಯುತ್ತದೆ, ಜಾಗದ ಮಾಲೀಕರು ಅಪಾರ್ಟ್‌ಮೆಂಟ್ ಕಟ್ಟುವ ಯೋಚನೆಯಲ್ಲಿದ್ದಾರೆ ಎಂದರೆ ಆ ಉದ್ದಿಮೆ ಊರು ಬಿಡುವುದು ಹೆಚ್ಚುಕಡಿಮೆ ಖಚಿತ. ವಯಸ್ಸಾದ ಮಾಲೀಕರು, ಮುಂದೆ ನಡೆಸುವವರಿಲ್ಲ ಎಂದರೂ ಅಷ್ಟೇ. ಇಂಥವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಅದೇ ವಾರ ಕೆಲಸ ಶುರು ಮಾಡಿ.

ನಾನು ಹೋಗಿದ್ದ ಒಂದು ಲೇತ್ ವರ್ಕ್‌ಶಾಪಿನ ಮಾಲೀಕರು ಇಪ್ಪತ್ತು ನಿಮಿಷ "ಏನೂ ತೊಂದರೆ ಇಲ್ಲ ಸಾರ್" ಎಂದೇ ಹೇಳಿದರು. ಕಬ್ಬಿಣದ ಸರಳು ಒಳಗೆ ಹೇಗೆ ಬರುತ್ತದೆ ಎಂದು ಕೇಳಿದಾಗ ಎದ್ದು ಬಾಗಿಲಿಗೆ ಕರೆದೊಯ್ದರು. ರಸ್ತೆ ತಿರುವಿನಲ್ಲಿ ಒಂದು ಕರೆಂಟು ಕಂಬ. ಅದರ ಮೈತುಂಬ ಲಾರಿ ಉಜ್ಜಿದ ಗೀರು. ಉದ್ದನೆಯ ಲಾರಿ ಅಲ್ಲಿ ತಿರುಗುವುದಿಲ್ಲ. ಮುಖ್ಯರಸ್ತೆಯಲ್ಲೇ ನಿಲ್ಲಿಸಿ, ನಾಲ್ಕು ಜನ ಸರಳುಗಳನ್ನು ಹೆಗಲ ಮೇಲೆ ಹೊತ್ತು ತರಬೇಕು. ಅಷ್ಟು ಹೊತ್ತು ಮೆಷಿನ್ ಸುಮ್ನೆ ನಿಂತಿರುತ್ತದೆ. ಅವರು ಪಕ್ಕದ ಊರಿನಲ್ಲಿ ಆಗಲೇ ಜಾಗ ನೋಡಿ ಬಂದಿದ್ದರು. ಹದಿನೆಂಟು ಜನರ ಕೆಲಸ ಆ ಒಂದು ಕಂಬದ ಮೇಲೆ ನಿಂತಿತ್ತು.

ಭೇಟಿಯಾದ ಒಂದು ವಾರದೊಳಗೆ ಫೋನ್ ಮಾಡಿ, ಕೇಳಿಸಿಕೊಂಡದ್ದರಲ್ಲಿ ಒಂದಕ್ಕಾದರೂ ಏನಾಯಿತು ಎಂದು ಹೇಳಿ. ಇಷ್ಟು ಮಾಡದಿದ್ದರೆ ಎರಡನೇ ಸಲ ಬಾಗಿಲು ತೆರೆಯುವುದಿಲ್ಲ.

ಇರುವವರನ್ನೇ ಬೆಳೆಸುವ ದಾರಿ ಹೊಸದಲ್ಲ. ಅಮೆರಿಕದ ಡೆನ್ವರ್ ಪಕ್ಕದ ಉಪನಗರ ಲಿಟಲ್‌ಟನ್‌ನಲ್ಲಿ 1980ರ ದಶಕದಲ್ಲಿ ದೊಡ್ಡ ಕಂಪನಿಯೊಂದು ಸಾವಿರಾರು ಜನರನ್ನು ಮನೆಗೆ ಕಳಿಸಿತು. ಆಮೇಲೆ ನಗರಾಡಳಿತ ಹೊರಗಿನವರ ಬೆನ್ನು ಹತ್ತುವುದನ್ನು ಬಿಟ್ಟಿತು. ಊರಿನ ಸಣ್ಣ ಉದ್ದಿಮೆಗಳಿಗೆ ಗಿರಾಕಿಗಳು ಎಲ್ಲಿದ್ದಾರೆ, ಪೈಪೋಟಿ ಯಾರಿಂದ ಎಂಬ ಮಾರುಕಟ್ಟೆ ಮಾಹಿತಿ ಹುಡುಕಿಕೊಡಲು ಸಿಬ್ಬಂದಿಯನ್ನು ಹಾಕಿತು. ಈ ದಾರಿಗೆ ಇಕನಾಮಿಕ್ ಗಾರ್ಡನಿಂಗ್, ಅಂದರೆ ಆರ್ಥಿಕ ತೋಟಗಾರಿಕೆ, ಎಂಬ ಹೆಸರು ಅಲ್ಲಿಂದಲೇ ಬಂತು.

ಜಾಗ ಕಾಯುವುದು

ಉಪನಗರದಲ್ಲಿ ಮನೆ ಕಟ್ಟಿದರೆ ಜಾಗಕ್ಕೆ ಹೆಚ್ಚು ಬೆಲೆ. ಅದಕ್ಕೇ ಶೆಡ್ಡುಗಳು, ಗೋದಾಮುಗಳು ಒಂದೊಂದಾಗಿ ವಸತಿ ವಲಯಕ್ಕೆ ಹೋಗುತ್ತವೆ. ಒಮ್ಮೆ ಹೋದದ್ದು ವಾಪಸ್ ಬರುವುದಿಲ್ಲ. ಪಕ್ಕದಲ್ಲಿ ಮನೆ ಬಂದ ಮೇಲೆ ಉಳಿದ ವರ್ಕ್‌ಶಾಪುಗಳ ಮೇಲೂ ಸದ್ದಿನ ದೂರು ಶುರುವಾಗುತ್ತದೆ. ಭೂಬಳಕೆ ನಕ್ಷೆ ಬಿಡಿಸಿ, ಕಸುಬಿಗೆ ಬೇಕಾದ ಜಾಗಗಳಿಗೆ ಗಡಿ ಹಾಕಿ. ಬದಲಾವಣೆ ಅರ್ಜಿ ಬಂದರೆ ಅಲ್ಲಿ ಎಷ್ಟು ಜನ ದುಡಿಯುತ್ತಿದ್ದಾರೆ ಎಂಬ ಲೆಕ್ಕ ಕಡತದಲ್ಲಿ ಇರಲೇಬೇಕು ಎಂದು ನಿಯಮ ಮಾಡಿ.

ರಿಯಾಯಿತಿ ಕೊಡುವುದಾದರೆ

ನನ್ನನ್ನು ಕೇಳಿದರೆ ತೆರಿಗೆ ರಿಯಾಯಿತಿ ಕೊನೆಯ ಉಪಾಯ. ಅರ್ಥಶಾಸ್ತ್ರಜ್ಞ ತಿಮೋತಿ ಬಾರ್ಟಿಕ್ 2018ರಲ್ಲಿ ಅಮೆರಿಕದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ರಿಯಾಯಿತಿ ಪಡೆದ ಕಂಪನಿಗಳಲ್ಲಿ ರಿಯಾಯಿತಿಗಾಗಿಯೇ ನಿರ್ಧಾರ ಬದಲಿಸಿದವು ನೂರಕ್ಕೆ 2ರಿಂದ 25 ಎಂದು ಅವರ ಅಂದಾಜು. ಉಳಿದವು ಹೇಗಿದ್ದರೂ ಬರುತ್ತಿದ್ದವು.

ಕೊಡಲೇಬೇಕಾದರೆ ಕೆಲಸ ಕೊಟ್ಟ ಮೇಲೆ ಕೊಡಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೌಂಟ್ ಪ್ಲೆಸೆಂಟ್ ಎಂಬ ಊರಿನಲ್ಲಿ 2017ರಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್ 13,000 ಕೆಲಸಗಳ ಮಾತು ಕೊಟ್ಟಿತ್ತು. 2021ರ ಹೊಸ ಒಪ್ಪಂದದಲ್ಲಿ ಅದು 1,454ಕ್ಕೆ ಇಳಿಯಿತು. ರಾಜ್ಯದ ರಿಯಾಯಿತಿಯನ್ನು ನೇಮಕಾತಿಗೆ ಕಟ್ಟಿ ಹಾಕಿದ್ದರು. 2018ರ ಗುರಿ ತಪ್ಪಿದಾಗ ಆ ವರ್ಷದ ರಿಯಾಯಿತಿ ಕಂಪನಿಗೆ ಸಿಗಲಿಲ್ಲ. ಊರು ಮಾತ್ರ ಜಮೀನು, ರಸ್ತೆ, ನೀರಿನ ಪೈಪು ಎಂದು ಮೊದಲೇ ಸಾಲ ಮಾಡಿತ್ತು. ಹಾಗಾಗಿ ಕರಾರಿನಲ್ಲಿ ಕೆಲಸಗಳ ಸಂಖ್ಯೆ, ಸಂಬಳ, ಗಡುವು, ತಪ್ಪಿದರೆ ಹಣ ವಾಪಸ್, ನಾಲ್ಕೂ ಇರಲಿ. ಒಂದು ಕೈಬಿಟ್ಟರೂ ಸಹಿ ಹಾಕಬೇಡಿ.

ಬರೆಯುವುದು

ಹತ್ತು ಪುಟ ಮೀರಬೇಡಿ. ಮಾಡಬೇಕಾದ ಆರೇಳು ಕೆಲಸ, ಪ್ರತಿಯೊಂದರ ಮುಂದೆ ಒಬ್ಬರ ಹೆಸರು, ಒಂದು ತಾರೀಖು, ದುಡ್ಡು ಎಲ್ಲಿಂದ ಎಂಬ ಒಂದು ಸಾಲು. ಇಲಾಖೆಯ ಹೆಸರು ಬರೆದರೆ ಯಾರೂ ಮಾಡುವುದಿಲ್ಲ.

ಆರು ತಿಂಗಳ ಮೇಲೆ ಅದೇ 50 ಬಾಗಿಲುಗಳಿಗೆ ಮತ್ತೆ ಹೋಗಿ, ಹಳೆಯ ನೋಟ್‌ಬುಕ್ ಹಿಡಿದುಕೊಂಡೇ. ಆ ವರ್ಕ್‌ಶಾಪಿಗೆ ನಾವು ಎರಡನೇ ಸಲ ಹೋದಾಗ ಕಂಬ ನಾಲ್ಕು ಅಡಿ ಹಿಂದೆ ಸರಿದಿತ್ತು, ಲಾರಿ ಬಾಗಿಲ ಮುಂದೆಯೇ ನಿಂತಿತ್ತು.