ಪಾಲಿಕೆ ತೀರ್ಮಾನಕ್ಕೆ ಮುಂಚೆಯೇ ನಿಮ್ಮ ಮಾತು ಮುಟ್ಟಿಸುವುದು ಹೇಗೆ?

ಜೆಸಿಬಿ ಬಂದು ಮನೆ ಮುಂದೆ ಅಗೆಯಲು ಶುರು ಮಾಡಿದ ಮೇಲೆ ನಾವು ಕಾರ್ಪೊರೇಟರ್‌ಗೆ ಫೋನ್ ಮಾಡುತ್ತೇವೆ. ಅಷ್ಟೊತ್ತಿಗೆ ಎಸ್ಟಿಮೇಟ್ ಆಗಿ, ಟೆಂಡರ್ ಮುಗಿದು, ವರ್ಕ್ ಆರ್ಡರ್ ಗುತ್ತಿಗೆದಾರರ ಜೇಬಿನಲ್ಲಿರುತ್ತದೆ. ಆಗ ಕೂಗಾಡಿದರೆ ಗಂಟಲು ನೋವು, ಅಷ್ಟೇ. ಬಾಯಿ ಬಿಡಬೇಕಾದದ್ದು ಮುಂಚೆ.

ಮೊದಲು, ವಿಷಯ ಯಾರ ಟೇಬಲ್ ಮೇಲಿದೆ ಅಂತ ಹುಡುಕಿ. ಸಾಮಾನ್ಯ ಸಭೆಯಲ್ಲಿ ಗಲಾಟೆ ಜಾಸ್ತಿ, ಪೇಪರಿನಲ್ಲಿ ಬರುವುದೂ ಅದೇ. ಆದರೆ ಎಷ್ಟೋ ವಿಷಯ ಸ್ಥಾಯಿ ಸಮಿತಿಯಲ್ಲೇ, ಅಂದರೆ ಒಂದೊಂದು ಬಗೆಯ ವಿಷಯ ನೋಡಿಕೊಳ್ಳುವ ಕಾರ್ಪೊರೇಟರ್‌ಗಳ ಚಿಕ್ಕ ಗುಂಪಿನಲ್ಲೇ, ಬೆಂದು ಬಂದಿರುತ್ತದೆ. ಕರ್ನಾಟಕದ 1976ರ ಪಾಲಿಕೆ ಕಾಯ್ದೆಯಲ್ಲಿ ಇಂಥ 4 ಸಮಿತಿಗಳಿವೆ: ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ಪಟ್ಟಣ ಯೋಜನೆ, ಲೆಕ್ಕಪತ್ರ. ಕಸದ ತೊಂದರೆಯನ್ನು ಲೆಕ್ಕಪತ್ರದವರ ಹತ್ತಿರ ಹೇಳಿಕೊಂಡರೆ ಪಾಪ ಅವರೇನು ಮಾಡುತ್ತಾರೆ? ಸಭೆಯ ಅಜೆಂಡಾ ಸಿಗುತ್ತದಾ ಅಂತ ಕೌನ್ಸಿಲ್ ಕಾರ್ಯದರ್ಶಿ ಕಚೇರಿಯಲ್ಲಿ ಕೇಳಿ ನೋಡಿ. (ಕಾರ್ಪೊರೇಟರೇ ಇಲ್ಲದ ಕಾಲವೂ ಬರುತ್ತದೆ. ಬೆಂಗಳೂರಿನಲ್ಲಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, 5 ವರ್ಷ ಕಳೆದರೂ ಹೊಸ ಕೌನ್ಸಿಲ್ ಇರಲಿಲ್ಲ. ಆಗ ಎಲ್ಲ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಯಲ್ಲಿ.)

ಆಮೇಲೆ ವಾರ್ಡ್ ಸಮಿತಿ. ಕಾರ್ಪೊರೇಟರ್ ಜೊತೆಗೆ 10 ಸದಸ್ಯರು, ಅವರಲ್ಲಿ ಕನಿಷ್ಠ 3 ಮಹಿಳೆಯರು, 2 ಮಂದಿ ನಿವಾಸಿಗಳ ಸಂಘದವರು ಅಂತ ಅದೇ 1976ರ ಕಾಯ್ದೆಯಲ್ಲಿದೆ. ಕೆಲವು ಕಡೆ ಸಮಿತಿ ಇರುವುದು ಕಾಗದದ ಮೇಲೆ ಮಾತ್ರ. ನಿಮ್ಮ ಕಡೆ ಸಭೆ ನಡೆಯುತ್ತಿದ್ದರೆ ಸುಮ್ನೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರೂ ಯಾವ ಕೆಲಸ ಬರಲಿದೆ ಅಂತ ಮೊದಲೇ ಗೊತ್ತಾಗುತ್ತದೆ.

ಬಾಯಲ್ಲಿ ಹೇಳಿದ್ದು ಗಾಳಿಗೆ. ಅದಕ್ಕೆ ಒಂದೇ ಪುಟದ ಅರ್ಜಿ ಬರೆಯಿರಿ, ಎರಡು ಪ್ರತಿ ಮಾಡಿಸಿ, ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ತಾರೀಖು ಸಮೇತ ಸೀಲ್ ಹಾಕಿಸಿಕೊಳ್ಳಿ. ‘ನಾಳೆ ಬನ್ನಿ, ಸೀಲ್ ಸಾಹೇಬರ ಹತ್ತಿರ ಇದೆ’ ಅಂದರೂ ಅಲ್ಲೇ ಬೆಂಚಿನ ಮೇಲೆ ಕಾಯಿರಿ. ‘ನಮ್ಮ ಏರಿಯಾ ಉದ್ಧಾರ ಮಾಡಿ’ ಅಂತ ಬರೆಯಬೇಡಿ. ಯಾವ ಕ್ರಾಸ್, ಎಷ್ಟು ಅಡಿ, ಏನು ಬೇಕು, ಅಷ್ಟು ಸಾಕು. ಬಜೆಟ್‌ಗೆ ಸಂಬಂಧಪಟ್ಟದ್ದಾದರೆ ಜನವರಿಗಿಂತ ತಡ ಮಾಡಬೇಡಿ, ಏಪ್ರಿಲ್‌ನಲ್ಲಿ ಕೊಟ್ಟರೆ ಮುಂದಿನ ವರ್ಷದ ಮಾತು.

ಇನ್ನು ಮಾಹಿತಿ ಹಕ್ಕು. ಇಲ್ಲಿ ನಾನೇ ಎಡವಿದ್ದೆ. ನಮ್ಮ ಬೀದಿಯ ಚರಂಡಿ ಬಗ್ಗೆ ‘ಕೆಲಸ ಯಾಕೆ ಇಷ್ಟು ಕಳಪೆ?’ ಅಂತ ಕೇಳಿದ್ದೆ. ‘ಪ್ರಶ್ನೆಗೆ ಉತ್ತರಿಸಲು ಅವಕಾಶವಿಲ್ಲ’ ಅಂತ ಒಂದು ಸಾಲು ಬಂತು. ಅವರು ಹೇಳಿದ್ದು ಸರಿಯೇ, ಕೇಳಬೇಕಾದದ್ದು ದಾಖಲೆ. ಎರಡನೇ ಸಲ ಮೂರೇ ಕೇಳಿದೆ: ಎಸ್ಟಿಮೇಟ್, ವರ್ಕ್ ಆರ್ಡರ್, ಅಳತೆ ಪುಸ್ತಕದ ಪ್ರತಿ. ಆದ ಕೆಲಸದ ಅಳತೆ ಬರೆದಿಡುವ ಈ ಪುಸ್ತಕವನ್ನು ಎಂಬಿ ಅನ್ನುತ್ತಾರೆ, ಬಿಲ್ ಪಾಸಾಗುವುದು ಇದರ ಮೇಲೆ, ಅದಕ್ಕೇ ಇದನ್ನು ಬಿಡಬೇಡಿ. ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಆನ್‌ಲೈನ್‌ನಲ್ಲೂ ಹಾಕಬಹುದು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗಕ್ಕೆ ಹೋದರೆ ಮಾತ್ರ ತಾಳ್ಮೆ ಕಟ್ಟಿಕೊಂಡು ಹೋಗಿ.

ನನಗೆ ಬಂದ ಎಂಬಿಯಲ್ಲಿ ಚರಂಡಿ ಮುಚ್ಚುವ ಚಪ್ಪಡಿ 40 ಅಂತ ಇತ್ತು. ಎದುರುಮನೆ ಅಜ್ಜಿ ಊರುಗೋಲಿನಿಂದ ಒಂದೊಂದನ್ನೇ ಕುಟ್ಟುತ್ತಾ ಬಂದರು, ನಾನು ಹಿಂದೆ ಬರೆದುಕೊಂಡೆ: 31. ಜಗಳಕ್ಕೆ ಹೋಗಲಿಲ್ಲ. ಆ ಪುಟದ ಜೆರಾಕ್ಸ್, ನಮ್ಮ ಎಣಿಕೆ, ನಾಲ್ಕು ಫೋಟೊ ಸೇರಿಸಿ ವಾರ್ಡ್ ಸಭೆಯಲ್ಲಿ ಕೊಟ್ಟು, ಅದನ್ನು ನಡಾವಳಿಯಲ್ಲಿ, ಅಂದರೆ ಸಭೆಯ ದಾಖಲೆಯಲ್ಲಿ, ಬರೆಯಿರಿ ಅಂತ ಕೇಳಿದೆ. ನಡಾವಳಿಗೆ ಹೋದ ಮಾತಿಗೆ ಯಾರಾದರೂ ಉತ್ತರ ಕೊಡಲೇಬೇಕಲ್ವಾ. ಎರಡು ವಾರಕ್ಕೆ ಇಂಜಿನಿಯರ್ ಟೇಪ್ ಹಿಡಿದು ಬಂದರು, ತಿಂಗಳೊಳಗೆ ಉಳಿದ 9 ಚಪ್ಪಡಿಯೂ ಬಿತ್ತು. ಅದರಲ್ಲಿ ಒಂದು ಈಗಲೇ ಅಲುಗಾಡುತ್ತಿದೆ, ಅಜ್ಜಿ ದಿನಾ ನೆನಪಿಸುತ್ತಾರೆ.